ಸಮುದ್ರಕ್ಕೆ ಬೆನ್ನು ಮಾಡಿ ನಿಂತವರು

ನಮ್ಮವ್ವ ಮೂರು ವರ್ಷ ಮರವಂತೆಯ ಸಮುದ್ರದ ದಂಡಿಯಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಕೆಂಪು ಬಾವುಟ, ಇನ್ನೊಂದು ಕೈಯಲ್ಲಿ ಹಸಿರು ಬಾವುಟ. ಮುಖ ರಸ್ತೆಗೆ, ಬೆನ್ನು ಸಮುದ್ರಕ್ಕೆ. ಕೆಂಪು ಎತ್ತಿದರೆ ಕಾರುಗಳು ನಿಲ್ಲಬೇಕು. ನಿಂತ ಕಾರಿನವರು ಗಾಜು ಇಳಿಸಿ ಸೂರ್ಯ ಮುಳುಗುವುದನ್ನು ಫೋಟೋ ತೆಗೆಯುತ್ತಿದ್ದರು. ಅವ್ವ ಅಡ್ಡ ಬಂದರೆ "ಸ್ವಲ್ಪ ಆಕಡೆ ಸರೀರಿ" ಅಂತ ಕೈ ಮಾಡುತ್ತಿದ್ದರು. ಅವ್ವ ಸರಿಯುತ್ತಿದ್ದಳು. ಅವರು ಅಷ್ಟು ಆಸೆಯಿಂದ ನೋಡುವುದು ಏನದು ಅಂತ ಹಿಂದಕ್ಕೆ ತಿರುಗುತ್ತಿರಲಿಲ್ಲ. ತಿರುಗಿದರೆ ಲಾರಿ ಮೈಮೇಲೆ ಬರುತ್ತಿತ್ತು.

'ನಾನು' ಅಂತ ಬರೆಯಲು ನಮಗೆ ಕೈ ಬರುವುದಿಲ್ಲ. ಆ ತಗಡಿನ ಶೆಡ್ಡಿನಲ್ಲಿ ಒಬ್ಬರೇ ಮಲಗಿದ ರಾತ್ರಿ ಇರಲಿಲ್ಲ, ಒಬ್ಬರೇ ಉಂಡ ಊಟ ಇರಲಿಲ್ಲ. ಅದಕ್ಕೇ ನಾವು. ನಾವು ಅಣ್ಣತಮ್ಮರು ಇಬ್ಬರು, ನಮ್ಮ ಕೇರಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಗಂಟು ಕಟ್ಟಿಕೊಂಡು ಘಟ್ಟ ಇಳಿದವರೆಲ್ಲ. ನಮ್ಮ ಮನೆತನದಾಗ ಮೊದಲು ಡಿಗ್ರಿ ಮುಗಿಸಿದವರು ನಾವೇ. ಕಾಲೇಜಿನ ಫೀ ಬಂದದ್ದು ಆ ಬಾವುಟದ ಕೂಲಿಯಿಂದ.

"ಅಷ್ಟು ದೂರ ಯಾಕ ಹೋಗ್ತೀರಿ?" ಅಂತ ಕೇಳುವ ಗೆಳೆಯರು ಏಪ್ರಿಲ್ ತಿಂಗಳಲ್ಲಿ ನಮ್ಮ ಎರೆನೆಲವನ್ನು ಒಮ್ಮೆ ನೋಡಬೇಕು. ಕಾಲು ಸಿಗುವಷ್ಟು ಬಿರುಕು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದೂ ಬಂದರೆ. ಕರಾವಳಿಯಲ್ಲಿ 4000 ಮಿಲಿಮೀಟರ್ ಸುಮಾರು ಸುರಿಯುತ್ತದೆ. ನಮ್ಮ ಡೋಣಿ ಹೊಳೆ ಹರಿದರೂ ಅದರ ನೀರು ಉಪ್ಪು. ಬಿಳಿಜೋಳ, ತೊಗರಿಯ ರಾಶಿ ಮುಗಿದ ಮೇಲೆ ಹೊಲ ಇಲ್ಲದವರಿಗೆ ಊರಲ್ಲಿ ಕೆಲಸವೂ ಇಲ್ಲ. ಇಂಡಿಯ ಲಿಂಬೆ ತೋಟದವರು ಕರೆದರೆ ನಾಲ್ಕು ದಿನ, ಇಲ್ಲದಿದ್ದರೆ ಗುಳೆ. ನಮ್ಮ ಮುತ್ಯಾ 1972ರ ಬರದಾಗ ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಖಡಿ ಒಡೆದವನು. ಅವನ ಮಗ ಸಮುದ್ರದ ದಂಡಿಯ ರಸ್ತೆಗೆ ಗಟಾರ ಕಟ್ಟಿದ. ರಸ್ತೆ ನಮಗೆ ಪಿತ್ರಾರ್ಜಿತ ಆಸ್ತಿ. ಅದರ ಮೇಲೆ ಓಡುವ ಗಾಡಿ ಮಾತ್ರ ನಮ್ಮವಲ್ಲ.

ನಮ್ಮ ಕಡೆಗೂ ಒಂದು ಸಮುದ್ರ ಐತಿ. ಆಲಮಟ್ಟಿಯ ಹಿನ್ನೀರು. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ರಾಷ್ಟ್ರಪತಿಯಾಗಿದ್ದ ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದ್ದು 2006ರ ಆಗಸ್ಟ್ 21ರಂದು. ನಡುವೆ 42 ವರ್ಷ. 519.60 ಮೀಟರ್ ಮಟ್ಟಕ್ಕೆ ನೀರು ನಿಂತಾಗ ಅಲ್ಲಿಯೂ ದಂಡೆ ಕಾಣುವುದಿಲ್ಲ, ಅಲ್ಲಿಯೂ ಸೂರ್ಯ ನೀರಿಗೆ ಇಳಿಯುತ್ತಾನೆ, ಅಲ್ಲಿಯೂ ಜನ ಫೋಟೋ ತೆಗೆಯುತ್ತಾರೆ. ನಮ್ಮ ಆಯಿಯ ತವರೂರು ಆ ನೀರಿನ ತಳದಲ್ಲಿದೆ. ಹೊಲ ಇದ್ದವರಿಗೆ ಹೊಲದ ಪರಿಹಾರ ಬಂತು. ಹೊಲವೇ ಇಲ್ಲದ ಕೇರಿಯವರಿಗೆ ನಾಲ್ಕು ಮಣ್ಣಿನ ಗೋಡೆಯ ಲೆಕ್ಕ ಅಷ್ಟೇ ಬಂತು. ಆ ರೊಕ್ಕ ಎಷ್ಟು ದಿನ ಬಾಳೀತು? ಒಂದು ನೀರು ಊರು ನುಂಗಿತು. ಇನ್ನೊಂದು ನೀರಿನ ದಂಡಿಗೆ ಕೂಲಿಗೆ ಹೋದೆವು.

ದಸರಾ ಮುಗಿದ ಕೂಡಲೇ ಮುಕಾದಮ ಬರುತ್ತಿದ್ದ. ಮುಂಗಡ ಕೊಟ್ಟು ಹೆಸರು ಬರೆದುಕೊಳ್ಳುತ್ತಿದ್ದ. ಜೋಳದ ಹಿಟ್ಟು, ಖಾರಪುಡಿ, ಒಲೆಯ ಮೂರು ಕಲ್ಲನ್ನೂ ಬಿಡದೆ ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತುವುದು. ಬೆಳಗಾಗುವಷ್ಟರಲ್ಲಿ ಘಟ್ಟ ಇಳಿದಿರುತ್ತಿದ್ದೆವು. ಮೈಯೆಲ್ಲ ಜಿಗುಟು ಬೆವರು, ಮೂಗಿಗೆ ಮೀನಿನ ವಾಸನೆ. ಅಲ್ಲಿಯವರ ಬಾಯಲ್ಲಿ ನಮ್ಮ ಹೆಸರು 'ಘಟ್ಟದವರು', ಇಲ್ಲವೇ 'ಬಿಜಾಪುರದವರು'. ನಮ್ಮ ಊರಿಗೆ, ತಾಲೂಕಿಗೆ, ನಮ್ಮ ಅಪ್ಪ ಇಟ್ಟ ಹೆಸರಿಗೆ ಅಲ್ಲಿ ಕೆಲಸವಿರಲಿಲ್ಲ.

ಊರು ಬಿಟ್ಟರೆ ಕೇರಿಯೂ ಬಿಟ್ಟಿತು ಅಂದುಕೊಂಡಿದ್ದೆವು. ಹಾಗಾಗಲಿಲ್ಲ. ನಾನೂರು ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ನಮ್ಮ ಜೊತೆಯೇ ಕೂತು ಅದೂ ಬಂದಿತ್ತು. ಶೆಡ್ಡಿನ ಸಾಲಿನಲ್ಲಿ ನಮ್ಮದು ತುದಿಯ ಶೆಡ್ಡು. ಟ್ಯಾಂಕರ್ ಬಂದರೆ ನೀರಿನ ಡ್ರಮ್ಮು ಎರಡು. ಒಂದು 'ಅವರದು', ಒಂದು ನಮ್ಮದು. ನಮ್ಮದು ತೀರಿದ ದಿನ ಅವ್ವ ಕೊಡ ಹಿಡಿದು ದೂರ ನಿಲ್ಲಬೇಕು, ಅವರು ಮೇಲಿನಿಂದ ಸುರಿಯಬೇಕು. ಸುರಿದವರು ಕರಾವಳಿಯ ದೊಡ್ಡವರಲ್ಲ, ಕಾರಿನವರಲ್ಲ. ನಮ್ಮ ಹಾಗೆಯೇ ಗುಳೆ ಬಂದವರು, ನಮ್ಮ ತಾಲೂಕಿನವರು, ನಮ್ಮ ಹಾಗೆಯೇ ಹಸಿದವರು. ಅವರ ಕೈಯಲ್ಲೂ ಬುಟ್ಟಿಯ ಗುಳ್ಳೆ ಎದ್ದಿದ್ದವು. ಹಸಿವು ಎಲ್ಲರನ್ನೂ ಒಂದು ಮಾಡುತ್ತದೆ ಅಂತ ಭಾಷಣ ಮಾಡುವ ಗೆಳೆಯರಿಗೆ ಆ ಎರಡು ಡ್ರಮ್ಮು ತೋರಿಸಬೇಕು ಅನ್ನಿಸುತ್ತದೆ. ಎದುರಿಗೆ ಕಣ್ಣು ಮುಟ್ಟುವವರೆಗೂ ನೀರು. ಹಿಂದೆ ಸೌಪರ್ಣಿಕಾ ಹೊಳೆಯ ನೀರು. ನಡುವೆ ಅವ್ವ ಕೊಡ ಹಿಡಿದು ನಿಂತಿದ್ದಾಳೆ.

ಬೇಸಿಗೆ ರಜೆಗೆ ನಾವು ಹಾಸ್ಟೆಲಿನಿಂದ ಅಲ್ಲಿಗೆ ಹೋದಾಗ ಮೊದಲು ಮಾಡಿದ ಕೆಲಸ ಸಮುದ್ರಕ್ಕೆ ಕೈ ಇಟ್ಟದ್ದು. ಬೊಗಸೆ ತುಂಬ ಎತ್ತಿಕೊಂಡೆವು. ಯಾರೂ ಬೈಯಲಿಲ್ಲ. ಇಷ್ಟು ದೊಡ್ಡ ನೀರಿಗೆ ಕಾವಲು ಕೂತವರು ಯಾರೂ ಇಲ್ಲವಲ್ಲ ಅಂತ ಆಶ್ಚರ್ಯವಾಯಿತು. ಡಾ. ಅಂಬೇಡ್ಕರರು 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದದ್ದನ್ನು ಮುಂದೆ ಓದಿದಾಗ ನಮಗೆ ನೆನಪಾದದ್ದು ಆ ದಿನ. ಅದು ಕುಡಿಯುವ ನೀರು, ಅದಕ್ಕೇ ಅದಕ್ಕೆ ಕಾವಲು. ಇದು ಉಪ್ಪು. ಬಾಯಿಗೆ ಬಾರದ ನೀರನ್ನು ಮಾತ್ರ ಎಲ್ಲರಿಗೂ ಬಿಟ್ಟಿದ್ದಾರೆ.

ಅದೂ ಪೂರ್ತಿ ನಿಜವಲ್ಲ ಅಂತ ಎರಡೇ ದಿನದಲ್ಲಿ ತಿಳಿಯಿತು. ಉಸುಕಿನಗುಂಟ ಓಡುತ್ತ ಒಂದು ರೆಸಾರ್ಟಿನ ಮುಂದೆ ಹೋದೆವು. ಬಣ್ಣದ ಕೊಡೆ, ಉದ್ದನೆಯ ಕುರ್ಚಿ. ಕಾವಲುಗಾರ ಸೀಟಿ ಊದಿದ. "ಇದು ಗೆಸ್ಟುಗಳಿಗೆ ಮಾತ್ರ. ಹೋಗಿ ಹೋಗಿ." ಅವನೂ ಬಡವನೇ. ವಾಪಸು ಬರುವಾಗ ಮೀನು ಮಾರುವ ಅಕ್ಕ ಒಬ್ಬಳು ನಮ್ಮ ಮುಖ ನೋಡಿ, ಏನೂ ಕೇಳದೆ, ಎಲೆಯಲ್ಲಿ ನಾಲ್ಕು ಬಂಗುಡೆ ಸುತ್ತಿ ಕೊಟ್ಟಳು. ಕರಾವಳಿ ಅಂದರೆ ನಮಗೆ ಇವರಿಬ್ಬರೂ ಹೌದು.

ಈಗ ಆ ರಸ್ತೆ ಮುಗಿದಿದೆ. ಮೊದಲು 17 ಇದ್ದ ಹೆದ್ದಾರಿಗೆ ಈಗ 66ನೇ ನಂಬರು. ಗೋವಾದ ಗಡಿಯ ಮಾಜಾಳಿಯಿಂದ ಕೇರಳದ ಗಡಿಯ ತಲಪಾಡಿಯವರೆಗೆ ನಮ್ಮ ರಾಜ್ಯದಲ್ಲಿ ಓಡುತ್ತದೆ. ಕಾರವಾರ, ಹೊನ್ನಾವರದ ಶರಾವತಿ ಸೇತುವೆ, ಮುರುಡೇಶ್ವರ, ಬೈಂದೂರಿನ ಒತ್ತಿನೆಣೆ ಗುಡ್ಡ, ಆಮೇಲೆ ಮರವಂತೆ: ಒಂದು ಮಗ್ಗುಲಿಗೆ ಹೊಳೆ, ಒಂದು ಮಗ್ಗುಲಿಗೆ ಸಮುದ್ರ. ಇಂಥ ರಸ್ತೆ ಇನ್ನೊಂದಿಲ್ಲ ಅಂತ ಜನ ಹೊಗಳುತ್ತಾರೆ. ಹೊಗಳಲಿ. ಚೆಂದ ಇದ್ದದ್ದನ್ನು ಚೆಂದ ಅನ್ನಲು ನಮಗೂ ಬಾಯಿದೆ. ಆದರೆ ಚೆಂದದ ಬೆನ್ನಿಗೆ ಏನಿದೆ ಅಂತಲೂ ನೋಡಬೇಕು. ಈ ಕರಾವಳಿಯಲ್ಲೇ ಕೊರಗರನ್ನು ಮನುಷ್ಯರೆಂದು ಎಣಿಸದ ಅಜಲು ಪದ್ಧತಿ ಇತ್ತು. ಅದನ್ನು ನಿಷೇಧಿಸಲು 2000ನೇ ಇಸವಿಯಲ್ಲಿ ಕಾನೂನು ಮಾಡಬೇಕಾಯಿತು. ಈ ದಂಡಿಯಗುಂಟ ಮೇಲಕ್ಕೆ ಹೋದರೆ ಸಿಗುವ ಗೋವಾದ ಬೈನಾದಲ್ಲಿ, 2004ರಲ್ಲಿ ಕನ್ನಡಿಗರ ಗುಡಿಸಲುಗಳ ಮೇಲೆ ಬುಲ್ಡೋಜರು ಹರಿಯಿತು. ಈ ರಸ್ತೆಯ ಮೇಲೆಯೇ, 2024ರ ಜುಲೈ 16ರಂದು, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಚಹಾದಂಗಡಿಯ ಸಂಸಾರವೂ ಲಾರಿ ಓಡಿಸುವವರೂ ಮಣ್ಣಾದರು. ಗುಡ್ಡ ಕಡಿದು ರಸ್ತೆ ಮಾಡಿದರೆ ಗುಡ್ಡ ಬೀಳುವುದು ಬಡವರ ಮೇಲೆ.

ಕಾರವಾರದ ದಂಡಿಗೆ ರವೀಂದ್ರನಾಥ ಟಾಗೋರರ ಹೆಸರಿಟ್ಟಿದ್ದಾರೆ. ಅಣ್ಣ ಅಲ್ಲಿ ಜಡ್ಜ್ ಆಗಿದ್ದಾಗ ಹರೆಯದ ಟಾಗೋರರು ಬಂದು ಉಳಿದು ನಾಟಕ ಬರೆದರು. ಸಮುದ್ರ ನೋಡಿದ ಕವಿಯ ಹೆಸರು ಉಳಿಯಿತು, ಒಳ್ಳೆಯದೇ ಆಯಿತು. ನಮ್ಮೊಳಗೂ ಒಬ್ಬ ಕವಿತೆ ಬರೆಯುತ್ತಾನೆ. ಅವನಿಗೆ ಸೂರ್ಯಾಸ್ತದ ಮೇಲೆ ಒಂದು ಸಾಲೂ ಹುಟ್ಟುವುದಿಲ್ಲ. ಸೂರ್ಯ ಮುಳುಗೂದು ಅಂದರ ನಮಗ ಹಾಜರಿ ಬರೆಯೂ ಹೊತ್ತು. ಮುಕಾದಮ ಪುಸ್ತಕ ತೆಗೆದು ಗಂಡಾಳು ಇಷ್ಟು, ಹೆಣ್ಣಾಳು ಇಷ್ಟು ಅಂತ ಬರೆಯುತ್ತಿದ್ದ. ಹೆಣ್ಣಾಳಿಗೆ ನೂರು ರೂಪಾಯಿ ಕಡಿಮೆ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಅವ್ವ ಬಾವುಟ ಹಿಡಿದದ್ದು 2015ರಲ್ಲಿ. ಆ ಕಾಯ್ದೆ ನಡುವಿನ 39 ವರ್ಷದಲ್ಲಿ ಅವಳ ಶೆಡ್ಡಿನವರೆಗೆ ನಡೆದು ಬರಲಿಲ್ಲ. 1979ರಲ್ಲಿ ವಲಸೆ ಕಾರ್ಮಿಕರಿಗೆ ಅಂತ ಮಾಡಿದ ಕಾಯ್ದೆಯೂ ರಾಜ್ಯದ ಗಡಿ ದಾಟಿದವರಿಗಷ್ಟೇ ಇತ್ತು. ನಾವು ಗಡಿ ದಾಟಿರಲಿಲ್ಲ, ಘಟ್ಟ ದಾಟಿದ್ದೆವು. ಕರಾವಳಿಯವರಿಗೆ ನಾವು ಪರದೇಶಿಗಳು, ಕಾನೂನಿಗೆ ಮನೆಯಲ್ಲೇ ಇದ್ದವರು.

ಎಂಟನೆಯ ಇಯತ್ತೆಯಲ್ಲಿ ಮಾಸ್ತರರು ಪ್ರಬಂಧ ಕೊಟ್ಟರು: 'ಸಮುದ್ರ ತೀರದಲ್ಲಿ ಒಂದು ಸಂಜೆ'. ತರಗತಿಯಲ್ಲಿ ಸಮುದ್ರ ಕಂಡವರು ನಾವಷ್ಟೇ. ಹುರುಪಿನಿಂದ ಬರೆದೆವು. ಹಾಜರಿ ಪುಸ್ತಕ, ಡ್ರಮ್ಮು, ಅವ್ವನ ಬಾವುಟ, ಸಿಮೆಂಟು ತಿಂದ ಅಪ್ಪನ ಬೆರಳು, ಎಲ್ಲ ಬರೆದೆವು. 'ವಿಷಯಕ್ಕೆ ಸಂಬಂಧವಿಲ್ಲ' ಅಂತ ಕೆಂಪು ಶಾಯಿಯಲ್ಲಿ ಗೀಟು ಬಿತ್ತು. ಬಂಗಾರದ ಕಿರಣ, ಬೆಳ್ಳಿಯ ತೆರೆ ಅಂತ ಗೈಡು ನೋಡಿ ಬರೆದವನಿಗೆ ಹೆಚ್ಚು ಅಂಕ. ಅವನು ಸಮುದ್ರ ಕಂಡಿರಲಿಲ್ಲ. ಈ ಪತ್ರಿಕೆ ಓದುವ ಹಳ್ಳಿಯ ಮಾಸ್ತರರಲ್ಲಿ ನಮ್ಮದೊಂದು ಬೇಡಿಕೆ. ಗುಳೆ ಹೋಗಿ ಬಂದ ಹುಡುಗ ತಾನು ಕಂಡದ್ದನ್ನು ಬರೆದರೆ ಗೀಟು ಎಳೆಯಬೇಡಿರಿ. ಅವನ ವಿಷಯ ಅದೇ.

ಹೋದ ಚಳಿಗಾಲ ಅವ್ವನನ್ನು ಕರೆದುಕೊಂಡು ಮತ್ತೆ ಮರವಂತೆಗೆ ಹೋದೆವು. ಈ ಸಲ ಟಿಕೆಟ್ಟಿನ ರೊಕ್ಕ ನಮ್ಮದು, ಮುಂಗಡದ್ದಲ್ಲ. ಅಪ್ಪ ಈಗಿಲ್ಲ. ಬಸ್ಸಿಳಿದ ಅವ್ವ ಸಮುದ್ರದ ಕಡೆ ನೋಡಲೇ ಇಲ್ಲ. ರಸ್ತೆಯ ಮಗ್ಗುಲಿಗೆ ಬಗ್ಗಿ, ಗಟಾರದ ಮೇಲಿನ ಹಾಸುಗಲ್ಲುಗಳನ್ನು ಒಂದೊಂದಾಗಿ ನೋಡುತ್ತ ನಡೆದಳು. ಒಂದು ಕಡೆ ಕುಕ್ಕರಗಾಲಲ್ಲಿ ಕೂತು ಕೈ ಆಡಿಸಿದಳು.

"ಇವು ನಿಮ್ಮಪ್ಪ ಹಾಕಿದ್ವು. ಒಂದರೆ ಸೀಳಿಲ್ಲ ನೋಡ್ರಿ."

ಸಂಜೆಯಾಗಿತ್ತು. ಜನ ಕಾರು ನಿಲ್ಲಿಸಿ ತಡೆಗೋಡೆಯ ಕಲ್ಲುಗಳ ಮೇಲೆ ಕೂರುತ್ತಿದ್ದರು. "ನೀನೂ ಕೂಡ್ರಬೇ" ಅಂದೆವು. ಅವ್ವ ಸುತ್ತ ನೋಡಿದಳು.

"ಕುಂತ್ರ ಯಾರೂ ಏನೂ ಅನ್ನೂದಿಲ್ಲೇನೋ?"

ಮೂರು ವರ್ಷ ನಿಂತ ಜಾಗದಲ್ಲಿ ಕೂರಲು ಅವಳು ಅಪ್ಪಣೆ ಕೇಳುತ್ತಿದ್ದಳು. ನಾವು ಮಾತಾಡಲಿಲ್ಲ. ಕೈ ಹಿಡಿದು ಕೂರಿಸಿದೆವು. ಸೂರ್ಯ ಇಳಿಯುತ್ತಿದ್ದ. ಅವ್ವ ಸೆರಗು ಹಣೆಗೆ ಅಡ್ಡ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ಹಿಂದೆ ಗಾಡಿಗಳು ಓಡುತ್ತಿದ್ದವು, ಒಮ್ಮೆಯೂ ತಿರುಗಲಿಲ್ಲ.

"ಇದನ್ನೇನು ಇವ್ರು ನೋಡಾಕ ಬರ್ತಿದ್ದದ್ದು? ಚೆಂದನ ಐತಿ ಬಿಡ್ರಿ."

ಆಮೇಲೆ ಉಸುಕಿಗೆ ಇಳಿದು, ಬೊಗಸೆಯಲ್ಲಿ ನೀರು ಎತ್ತಿ ನಾಲಿಗೆಗೆ ಹಚ್ಚಿಕೊಂಡು ಮುಖ ಕಿವಿಚಿದಳು. "ನಮ್ಮ ಡೋಣಿನ ಎಷ್ಟೋ ಪಾಡ" ಅಂತ ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾವು ನೋಡಿರಲಿಲ್ಲ.

ಗೆಳೆಯರೇ, ಸೂರ್ಯಾಸ್ತ ನೋಡುವ ಕಟ್ಟೆಗೆ ನಮ್ಮವ್ವನ ಹೆಸರಿಡಿ ಅಂತ ನಾವು ಕೇಳುವುದಿಲ್ಲ. ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಬರಲಿ. ಶೆಡ್ಡಿನ ಹತ್ತಿರ ಕಕ್ಕಸು ಇರಲಿ, ಕೂಸುಗಳಿಗೆ ಸಾಲಿ ಇರಲಿ. ನೀರಿನ ಡ್ರಮ್ಮು ಒಂದೇ ಇರಲಿ. ಇದನ್ನು ಸರಕಾರಕ್ಕಿಂತ ಮೊದಲು ನಮ್ಮ ತಾಲೂಕಿನವರಿಗೇ ಹೇಳುತ್ತಿದ್ದೇವೆ. ವಾರದಲ್ಲಿ ಒಂದು ಸಂಜೆ ಸೂರ್ಯ ಮುಳುಗುವ ಮೊದಲು ಹಾಜರಿ ಮುಗಿಯಲಿ. ಬಾವುಟ ಕೆಳಗಿಟ್ಟು ಹಿಂದಕ್ಕೆ ತಿರುಗಿ ನೋಡುವಷ್ಟು ಹೊತ್ತು ಸಿಗಲಿ.

ಈಗಲೂ ದಸರಾ ಆದ ಮೇಲೆ ನಮ್ಮ ಕಡೆಯಿಂದ ರಾತ್ರಿ ಬಸ್ಸುಗಳು ತುಂಬಿ ಹೋಗುತ್ತವೆ. ಆ ರಸ್ತೆಯಲ್ಲಿ ಯಾವಳೋ ಒಬ್ಬ ಅವ್ವ ಕೆಂಪು ಬಾವುಟ ಎತ್ತಿ ನಿಮ್ಮನ್ನು ನಿಲ್ಲಿಸಿದರೆ, ಆಕಡೆ ಸರಿ ಅನ್ನಬೇಡಿರಿ. ಊರು ಯಾವುದವ್ವಾ ಅಂತ ಕೇಳಿರಿ. ಇಂಡಿ ಅಂದಾಳು, ಸಿಂದಗಿ ಅಂದಾಳು.