ಸೋತ ಬುಲ್‌ಡೋಜರು

ಬುಲ್‌ಡೋಜರು ಕೆಟ್ಟು ನಿಂತರೆ ಅದು ಒಂದು ಬಗೆಯ ಕಷ್ಟ. ಕೆಡದೆಯೂ ನಿಲ್ಲದೆಯೂ ಸೋತುಹೋದರೆ ಅದು ಮತ್ತೊಂದು ಬಗೆಯ ಕಷ್ಟ. ಎರಡನೆಯದೇ ದೊಡ್ಡದೆಂದು ಆ ಕಸುಬಿನಲ್ಲಿ ಕೂದಲು ನರೆಸಿಕೊಂಡವರು ಹೇಳುತ್ತಾರೆ. ನಿಂತ ಎಂಜಿನ್ನಿಗೆ ಏನೋ ಆಗಿದೆಯೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಸೋತ ಎಂಜಿನ್ನಾದರೋ ಬೆಳಗ್ಗೆ ಎಂದಿನಂತೆಯೇ ಎಚ್ಚರಗೊಳ್ಳುತ್ತದೆ, ಗುಡುಗುತ್ತದೆ, ಹೊಗೆಯುಗುಳುತ್ತದೆ. ಆದರೆ ಮುಂದಿನ ಅಲಗಿನೆದುರು ಮಣ್ಣು ರಾಶಿಯಾದೊಡನೆ ದನಿ ತಗ್ಗಿಸಿ, ಚೈನುಗಳನ್ನು ಒಲ್ಲದ ಮನಸ್ಸಿನಿಂದ ಉರುಳಿಸತೊಡಗುತ್ತದೆ. ಆಗ ಯಂತ್ರದ ತಪ್ಪನ್ನು ಹುಡುಕುವವರಿಗಿಂತ ಮನುಷ್ಯರ ತಪ್ಪನ್ನು ಹುಡುಕುವವರೇ ಹೆಚ್ಚಾಗುತ್ತಾರೆ.

ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಕೆರೆಯಲ್ಲಿ ಹಲವು ವರ್ಷಗಳ ಹಿಂದೆ ಹೀಗೆಯೇ ಆಯಿತು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಆ ಜಿಲ್ಲೆಯಲ್ಲಿ ಕೆರೆಯೆಂದರೆ ಅನ್ನ. ಆ ಊರಿನ ಕೆರೆಯ ಏರಿಯಲ್ಲಿ ಬಿರುಕು ಬಿಟ್ಟಿದ್ದ ಭಾಗವನ್ನು ಅಗೆದು ಬಿಚ್ಚಿ, ಹೊಸ ಮಣ್ಣು ತುಂಬಿ ಗಟ್ಟಿಗೊಳಿಸುವ ಕೆಲಸ ನಡೆದಿತ್ತು. ಬಿಚ್ಚಿದ್ದಾಗಿತ್ತು; ತುಂಬುವುದು ಅರ್ಧವಾಗಿತ್ತು. ಮೇ ತಿಂಗಳು ಮುಗಿಯುತ್ತ ಬಂದು, ರೋಹಿಣಿ ಮಳೆ ಹುಟ್ಟುವ ದಿನಗಳು ಹತ್ತಿರವಾಗಿದ್ದುವು. ಬಾಯಿ ತೆರೆದ ಏರಿಯ ಮೇಲೆ ಒಂದು ದೊಡ್ಡ ಮಳೆ ಬಿದ್ದರೆ ಆ ವರ್ಷದ ನೀರು ಹೋಗುವುದಷ್ಟೇ ಅಲ್ಲ, ಏರಿಯ ಹಿಂದಣ ಗದ್ದೆಗಳ ಮೇಲ್ಮಣ್ಣೂ ಅದರೊಡನೆ ಹೋಗುತ್ತಿತ್ತು. ಅಂತಹ ಸಮಯದಲ್ಲಿ ಬುಲ್‌ಡೋಜರು ಸೋತಿತು.

ಅದರ ಸೋಲಿಗೆ ಒಂದು ವಿಚಿತ್ರ ಕ್ರಮವಿತ್ತು. ಬೆಳಗ್ಗೆ ಏಳಕ್ಕೆ ಕೆಲಸಕ್ಕೆ ಇಳಿದಾಗ ಅದು ಹೊಸ ಯಂತ್ರದಂತೆಯೇ ಮಣ್ಣು ತಳ್ಳುತ್ತಿತ್ತು. ಎಂಟೂವರೆಯ ಹೊತ್ತಿಗೆ ದಣಿಯುತ್ತಿತ್ತು. ಹತ್ತು ಗಂಟೆಗೆ ಅರ್ಧ ಅಲಗು ಮಣ್ಣನ್ನೂ ತಳ್ಳಲಾರದೆ ಮಿಡುಕುತ್ತಿತ್ತು. ಊಟಕ್ಕೆಂದು ನಿಲ್ಲಿಸಿ ಮತ್ತೆ ಹತ್ತಿದರೆ, ಅದೂ ಉಂಡು ಮಲಗಿ ಎದ್ದಂತೆ ಒಂದು ಗಂಟೆ ಚೆನ್ನಾಗಿ ದುಡಿದು ಪುನಃ ಸೊರಗುತ್ತಿತ್ತು. ಆಪರೇಟರು ತನಗೆ ತಿಳಿದುದನ್ನೆಲ್ಲ ಮಾಡಿದ. ಗಾಳಿ ಸೋಸುವ ಏರ್ ಕ್ಲೀನರನ್ನು ಬಿಚ್ಚಿ ಶುಚಿಮಾಡಿದ. ಡೀಸೆಲ್ ಫಿಲ್ಟರುಗಳನ್ನು ಬದಲಾಯಿಸಿದ. ಏನೂ ಪ್ರಯೋಜನವಾಗಲಿಲ್ಲ. ಪಟ್ಟಣದಿಂದ ಬಂದ ಮೆಕ್ಯಾನಿಕ್ಕನೊಬ್ಬ ಅರ್ಧ ಗಂಟೆ ನೋಡಿ, ಪಂಪು ಹೋಗಿದೆ, ಇಲ್ಲವೆ ಪಿಸ್ಟನ್ನಿನ ರಿಂಗುಗಳು ಸವೆದಿವೆ, ಎಂಜಿನ್ನನ್ನು ಬಿಚ್ಚದೆ ಗತಿಯಿಲ್ಲ ಎಂದು ತೀರ್ಪು ಕೊಟ್ಟ. ಬಿಚ್ಚಿ ಜೋಡಿಸಲು ಮೂರು ವಾರ. ಗುತ್ತಿಗೆದಾರರಿಗೆ ಇನ್ನೊಂದು ಸಂಶಯವೂ ಹುಟ್ಟಿತು: ಆಪರೇಟರು ಡೀಸೆಲನ್ನು ಮಾರಿಕೊಂಡು ಸೀಮೆಎಣ್ಣೆ ಬೆರೆಸುತ್ತಿರಬಹುದು, ಅಥವಾ ದಿನಗೂಲಿ ಬೆಳೆಸಲು ಬೇಕೆಂದೇ ನಿಧಾನ ಮಾಡುತ್ತಿರಬಹುದು. ಈ ಮಾತನ್ನು ಅವರು ಅವನ ಮುಖಕ್ಕೆ ಹೇಳಲಿಲ್ಲ. ಅವನಿಗೆ ಕೇಳಿಸುವಷ್ಟು ದೂರದಲ್ಲಿ ನಿಂತು ಬೇರೆಯವರಿಗೆ ಹೇಳಿದರು. ಮುಖಕ್ಕೆ ಹೇಳಿದ್ದರೆ ಅವನು ಉತ್ತರವನ್ನಾದರೂ ಕೊಡಬಹುದಿತ್ತು.

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. ಆದರೆ ಆ ಸೀಮೆಗೆ ಗಣಿಯೊಂದೇ ಕಸುಬಾಗಿರಲಿಲ್ಲ. 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯ ಬುಲ್‌ಡೋಜರುಗಳು ತಯಾರಾಗುವುದು ಗಣಿಗಳ ನೆರೆಯಲ್ಲಿಯೇ. ಆದುದರಿಂದ ಈ ಯಂತ್ರಗಳ ಎಲುಬು ನರಗಳನ್ನು ಬಲ್ಲ ಹಿರಿಯರು ಆ ಸುತ್ತಿನ ಊರುಗಳಲ್ಲಿ ಅಲ್ಲಲ್ಲಿ ಇದ್ದರು. ಅಂತಹ ಒಬ್ಬ ಮೇಸ್ತ್ರಿಗಳನ್ನು ಆಪರೇಟರು ತನ್ನ ಸ್ವಂತ ಖರ್ಚಿನಿಂದ ಕರೆಸಿದ. ಅವರು ಸಂಜೆಯ ಬಸ್ಸಿಗೆ ಬಂದರು. ಕೈಯಲ್ಲಿ ಹಳೆಯ ಬಟ್ಟೆಯ ಚೀಲವೊಂದಿತ್ತು. ರಾತ್ರಿ ಅದನ್ನು ಬಿಚ್ಚಲೇ ಇಲ್ಲ. ಊಟವಾದ ಮೇಲೆ ಪ್ರಶ್ನೆಗಳಿಗೆ ಕುಳಿತರು.

“ಎಷ್ಟು ದಿನದಿಂದ ಹೀಗೆ, ಅಪ್ಪಾ?”

“ಎಂಟೊಂಬತ್ತು ದಿನವಾಯಿತು, ಮೇಸ್ತ್ರಿಗಳೇ.”

“ದಿನದಿನಕ್ಕೆ ಇಳಿಯಿತೋ, ಒಮ್ಮೆಗೇ ಆಯಿತೋ?”

“ಒಮ್ಮೆಗೇ. ಹಿಂದಿನ ದಿನ ಸಂಜೆವರೆಗೂ ಏನೂ ಇರಲಿಲ್ಲ.”

ಮೇಸ್ತ್ರಿಗಳು ತಲೆದೂಗಿದರು. ರಿಂಗು ಸವೆಯುವುದು ತಿಂಗಳುಗಳ ಕೆಲಸ. ಒಂದು ರಾತ್ರಿಯಲ್ಲಿ ಸವೆಯುವುದಿಲ್ಲ. ಮೊದಲು ಮನುಷ್ಯನ ಬಾಯಿಯಿಂದ ತಿಳಿಯುವುದನ್ನೆಲ್ಲ ತಿಳಿದುಕೊಂಡರೆ ಯಂತ್ರದ ಅರ್ಧ ನಟ್ಟುಗಳನ್ನು ಬಿಚ್ಚುವ ಕೆಲಸ ತಪ್ಪುತ್ತದೆ. ಆಮೇಲೆ ಅವರು ದಿನದ ಗಂಟೆಗಳನ್ನೂ ಡೀಸೆಲನ್ನೂ ಬರೆದಿಡುವ ಲಾಗ್ ಪುಸ್ತಕವನ್ನು ತರಿಸಿ, ಕಂದೀಲಿನ ಬೆಳಕಿನಲ್ಲಿ ಪುಟ ತಿರುವಿದರು. ಕಳೆದ ಎಂಟು ದಿನಗಳಲ್ಲಿ ಗಂಟೆಯೊಂದಕ್ಕೆ ಖರ್ಚಾದ ಡೀಸೆಲು ಮೊದಲಿಗಿಂತ ಕಡಿಮೆಯಾಗಿತ್ತು. ಗುತ್ತಿಗೆದಾರರು ಪಕ್ಕದಲ್ಲಿಯೇ ಇದ್ದರು. “ಸ್ವಾಮಿ, ಕದಿಯುವವನ ಲೆಕ್ಕ ಏರಬೇಕು. ಇದು ಇಳಿದಿದೆ. ಎಂಜಿನ್ನಿಗೆ ಎಣ್ಣೆ ಸಾಲುತ್ತಿಲ್ಲ, ಅಷ್ಟೆ” ಎಂದು ಪುಸ್ತಕವನ್ನು ಅವರ ಕಡೆಗೆ ತಿರುಗಿಸಿಟ್ಟರು. ಆಪರೇಟರು ಆ ರಾತ್ರಿ ಬಹಳ ದಿನಗಳ ಮೇಲೆ ನಿದ್ದೆಮಾಡಿದನಂತೆ.

ಲೆಕ್ಕದ ಪುಸ್ತಕ ಹೇಳಿತೆಂದು ಒಪ್ಪಿಬಿಡುವ ಜಾತಿಯವರಲ್ಲ ಮೇಸ್ತ್ರಿಗಳು. ಮರುದಿನ ಬೆಳಗ್ಗೆ ಕ್ರಮವಾಗಿ ನೋಡತೊಡಗಿದರು. ಎಂಜಿನ್ನು ನಿಜವಾಗಿಯೂ ಸೋತಿದೆಯೇ, ಅಥವಾ ಅದು ಹುಟ್ಟಿಸಿದ ಶಕ್ತಿಯನ್ನು ದಾರಿಯಲ್ಲಿ ಯಾರಾದರೂ ಕದಿಯುತ್ತಿದ್ದಾರೆಯೇ ಎಂಬುದು ಮೊದಲ ಪ್ರಶ್ನೆ. ಚೈನು ಅತಿಯಾಗಿ ಬಿಗಿದಿದ್ದರೆ, ಬ್ರೇಕು ಪೂರ್ತಿ ಬಿಡದೆ ಹಿಡಿದುಕೊಂಡಿದ್ದರೆ, ಎಂಜಿನ್ನು ತನ್ನ ಯಂತ್ರದೊಡನೆಯೇ ಸೆಣಸಿ ದಣಿಯುತ್ತದೆ. ಚೈನಿನ ಮೇಲೆ ಉದ್ದನೆಯ ಕೋಲಿಟ್ಟು ಜೋಲನ್ನು ಅಳೆದರು, ಸರಿಯಾಗಿತ್ತು. ಬ್ರೇಕನ್ನು ತುಳಿದು ಹಿಡಿಸಿ, ಗೇರು ಹಾಕಿಸಿ, ಎಂಜಿನ್ನನ್ನು ಪೂರ್ತಿ ವೇಗಕ್ಕೆ ಏರಿಸಿ, ಚೈನು ಕದಲದಿರುವಾಗ ಅದು ಎಷ್ಟು ಸುತ್ತಿಗೆ ನಿಲ್ಲುತ್ತದೆಂದು ನೋಡಿದರು. ಬೆಳಗ್ಗೆ ಮುಳ್ಳು ಇರಬೇಕಾದಲ್ಲಿಯೇ ನಿಂತಿತು. ಒಂಬತ್ತೂವರೆಗೆ ಅದೇ ಪರೀಕ್ಷೆ ಮಾಡಿದಾಗ ಬಹಳ ಕೆಳಗೆ ನಿಂತಿತು. ಹಾಗಾದರೆ ಸೋಲು ಎಂಜಿನ್ನಿನದೇ. ಅದೂ ಹೊತ್ತು ಏರಿದಂತೆ ಹುಟ್ಟುವಂಥದು.

ಇನ್ನು ಎಂಜಿನ್ನಿನೊಳಗೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1893ರಲ್ಲಿ ಹಕ್ಕುಪತ್ರ ಪಡೆದು, 1897ರ ಹೊತ್ತಿಗೆ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಸಾಧನವಿಲ್ಲ. ಗಾಳಿಯನ್ನು ಮೂಲೆಗೊತ್ತಿ ಹಿಂಡಿದಾಗ ಅದು 500 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯುತ್ತದೆ. ಅದರೊಳಗೆ ಮಂಜಿನಂತೆ ಸಿಂಪಡಿಸಿದ ಡೀಸೆಲು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದುದರಿಂದ ಗಾಳಿ, ಎಣ್ಣೆ, ಹಿಂಡುವ ಬಿಗಿ ಮತ್ತು ಸಿಂಪಡಿಸುವ ಹೊತ್ತು ಇವುಗಳಲ್ಲಿ ಯಾವುದು ತಪ್ಪಿದರೂ ಬಲ ಕುಂದುತ್ತದೆ. ಒಂದು ಲೀಟರು ಡೀಸೆಲು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 10,000 ಲೀಟರು ಗಾಳಿ ಬೇಕೆಂದರೆ ನಂಬುವುದು ಕಷ್ಟ. ಕೆರೆಯಂಗಳದ ಧೂಳಿನ ನಡುವೆ ಇಷ್ಟು ಗಾಳಿಯನ್ನು ಸೋಸಿ ಕುಡಿಯುವ ಯಂತ್ರದ ಮೂಗು ಕಟ್ಟಿಕೊಳ್ಳುವುದು ಸಹಜವೇ.

ಆದರೆ ಮೂಗು ಕಟ್ಟಿದ ಎಂಜಿನ್ನು ಅದನ್ನು ಮುಚ್ಚಿಡುವುದಿಲ್ಲ. ವೈದ್ಯನು ನಾಲಗೆಯನ್ನು ನೋಡುವಂತೆ ಮೇಸ್ತ್ರಿಯು ಹೊಗೆಯನ್ನು ನೋಡುತ್ತಾನೆ. ಗಾಳಿ ಸಾಲದೆ ಎಣ್ಣೆ ಅರ್ಧ ಉರಿದರೆ ಹೊಗೆ ದಟ್ಟ ಕಪ್ಪು. ಕೀಲೆಣ್ಣೆ ಒಳನುಗ್ಗಿ ಉರಿದರೆ ಹೊಗೆ ನೀಲಿ. ರಿಂಗು ಸವೆದುದರ ಗುರುತು ಅದು. ಡೀಸೆಲು ಹೊತ್ತಿಕೊಳ್ಳದೆ ಹಾಗೆಯೇ ಹೊರಬಿದ್ದರೆ, ಇಲ್ಲವೆ ನೀರು ಒಳಸೇರಿದ್ದರೆ, ಬಿಳಿ. ಮೇಸ್ತ್ರಿಗಳು ಏರಿಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು, ಕಣ್ಣಿಗೆ ಕೈ ಮರೆಮಾಡಿಕೊಂಡು, ಎರಡು ಗಂಟೆ ಹೊಗೆಯನ್ನೇ ನೋಡಿದರು. ಎಂಜಿನ್ನು ಸೊರಗಿದಂತೆಲ್ಲ ಹೊಗೆಯೂ ತೆಳ್ಳಗಾಗುತ್ತ ಬಂದಿತು; ಕಪ್ಪೂ ಇಲ್ಲ, ನೀಲಿಯೂ ಇಲ್ಲ, ಬಿಳಿಯೂ ಇಲ್ಲ. ಹಸಿದವನ ಮನೆಯ ಒಲೆಯಂತೆ.

ಎಣ್ಣೆ ಬರುತ್ತಿಲ್ಲ ಎಂಬುದು ಈಗ ಎರಡು ಕಡೆಯಿಂದಲೂ ಸಿದ್ಧವಾಯಿತು. ಆದರೆ ಎಲ್ಲಿ ತಡೆ? ಆಪರೇಟರು ಎಳೆಯುವ ಸನ್ನೆ ಪಂಪಿನ ಬಳಿ ಕೊನೆಯ ತನಕ ಮುಟ್ಟುತ್ತದೆಯೇ ಎಂದು ನೋಡಿದರು. ಇದು ಮಕ್ಕಳಾಟದಂತೆ ಕಾಣಬಹುದು. ಕೀಲೊಂದು ಸವೆದು, ಸನ್ನೆ ಮುಕ್ಕಾಲು ದಾರಿಯಲ್ಲೇ ನಿಂತು, ಇಡೀ ಎಂಜಿನ್ನು ವೃಥಾ ಬಿಚ್ಚಿಸಿಕೊಂಡ ಉದಾಹರಣೆಗಳು ಈ ಕಸುಬಿನಲ್ಲಿ ಬೇಕಾದಷ್ಟುಂಟು. ಇಲ್ಲಿ ಸನ್ನೆ ಸರಿಯಾಗಿತ್ತು. ಫಿಲ್ಟರು ಹೊಸದು. ಪಂಪು ಕೆಟ್ಟಿದ್ದರೆ ಬೆಳಗ್ಗೆಯೂ ಕೆಟ್ಟೇ ಇರಬೇಕಷ್ಟೆ. ಊಟದ ಹೊತ್ತಿನಲ್ಲಿ ಅದು ಗುಣವಾಗಲು ಕಾರಣವಿಲ್ಲ. ಒಂದು ಗಂಟೆ ಸುಮ್ಮನೆ ನಿಂತರೆ ಗುಣವಾಗುವ ರೋಗ ಯಾವುದು?

ಇತ್ತೀಚಿನ ಬುಲ್‌ಡೋಜರುಗಳಲ್ಲಿ ಎಂಜಿನ್ನಿನ ಒತ್ತಡಗಳನ್ನು ಕ್ಷಣಕ್ಷಣಕ್ಕೂ ಅಳೆಯುವ ಎಲೆಕ್ಟ್ರಾನಿಕ್ ಮೆದುಳುಂಟು. ಕೆಟ್ಟುದಕ್ಕೆ ಒಂದು ಅಂಕಿಯನ್ನು ಪರದೆಯ ಮೇಲೆ ತೋರಿಸಿಬಿಡುತ್ತದೆ. ಎಣ್ಣೆಯ ಒತ್ತಡ ಕಡಿಮೆ ಎಂದು ಅದು ಹೇಳಬಲ್ಲುದು. ಏಕೆ ಕಡಿಮೆ ಎಂಬುದನ್ನು ಕಂಡುಹಿಡಿಯಲು ಈಗಲೂ ಒಬ್ಬರು ಕೆಳಗಿಳಿದು ನೋಡಬೇಕು. ಆ ಕಾಲದ ಯಂತ್ರಕ್ಕೆ ಅಂಕಿಯೂ ಇರಲಿಲ್ಲ.

ಹತ್ತು ಗಂಟೆಗೆ ಯಂತ್ರ ಪೂರ್ತಿ ಸೊರಗಿದಾಗ ಮೇಸ್ತ್ರಿಗಳು ಅದನ್ನು ಗೇರಿಲ್ಲದೆ ವೇಗವಾಗಿ ಓಡಿಸುತ್ತಿರುವಂತೆ ಹೇಳಿ, ಹಿಂಭಾಗದಲ್ಲಿದ್ದ ಡೀಸೆಲ್ ಟ್ಯಾಂಕಿನ ಬಳಿಗೆ ಹತ್ತಿದರು. ಟ್ಯಾಂಕಿನ ತಗಡಿನ ಮೇಲೆ ಅಂಗೈಯಿಟ್ಟರು. ಬಳಿಕ ಮುಚ್ಚಳವನ್ನು ಹಿಡಿದು ತಿರುಗಿಸಿದರು. ಅದು ಸುಲಭವಾಗಿ ಬರಲಿಲ್ಲ. ಯಾರೋ ಒಳಗಿನಿಂದ ಹಿಡಿದುಕೊಂಡಂತಿತ್ತು. ಬಲವಾಗಿ ಎತ್ತಿದೊಡನೆ ಗಾಳಿ ಬುಸ್ಸೆಂದು ಒಳನುಗ್ಗಿತು. ಟ್ಯಾಂಕಿನ ತಗಡು ಢಣ್ ಎಂದು ಹೊರಕ್ಕೆ ಚಿಮ್ಮಿತು. ಸ್ವಲ್ಪ ಹೊತ್ತಿನಲ್ಲಿಯೇ ಎಂಜಿನ್ನಿನ ದನಿ ಬದಲಾಯಿತು. ಆಪರೇಟರು ಕುಳಿತಲ್ಲಿಂದಲೇ ಹಿಂತಿರುಗಿ ನೋಡಿದ. ಅವನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಟ್ಯಾಂಕಿನಿಂದ ಹೊರಗೆ ಹೋದ ಡೀಸೆಲಿನ ಜಾಗಕ್ಕೆ ಅಷ್ಟೇ ಗಾಳಿ ಒಳಗೆ ಬರಬೇಕು. ಅದಕ್ಕಾಗಿಯೇ ಮುಚ್ಚಳದಲ್ಲಿ ಸಣ್ಣ ರಂಧ್ರವಿರುತ್ತದೆ. ಆ ರಂಧ್ರ ಮುಚ್ಚಿಹೋದರೆ, ಎಣ್ಣೆ ಖರ್ಚಾದಂತೆ ಒಳಗಿನ ಗಾಳಿ ತೆಳುವಾಗುತ್ತ, ಪಂಪು ಎಳೆದಷ್ಟೂ ಟ್ಯಾಂಕು ಹಿಂದಕ್ಕೆ ಎಳೆಯುತ್ತದೆ. ಸಂಜೆಯೇ ಟ್ಯಾಂಕು ತುಂಬಿಸುವ ಒಳ್ಳೆಯ ರೂಢಿ ಅಲ್ಲಿತ್ತು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಇದ್ದ ಜಾಗ ಕಡಿಮೆಯಾದುದರಿಂದ ಒಂದೆರಡು ಗಂಟೆಗಳಲ್ಲಿಯೇ ಈ ಜಗ್ಗಾಟ ಬಲಿಯುತ್ತಿತ್ತು. ಯಂತ್ರ ನಿಂತಾಗ ಸಂದುಗಳಿಂದ ನಿಧಾನವಾಗಿ ಗಾಳಿ ನುಸುಳಿ ಮತ್ತೆ ಚೇತರಿಕೆ.

ಮೇಸ್ತ್ರಿಗಳು ಮುಚ್ಚಳವನ್ನು ತಿರುಗಿಸಿ ನೋಡಿದರು. ಒಳಗೆ, ರಂಧ್ರಕ್ಕೆ ಸರಿಯಾಗಿ, ಸೈಕಲ್ಲಿನ ಟ್ಯೂಬಿನಿಂದ ದುಂಡಗೆ ಕತ್ತರಿಸಿದ ರಬ್ಬರು ಬಿಲ್ಲೆಯೊಂದು ಅಚ್ಚುಕಟ್ಟಾಗಿ ಕೂತಿತ್ತು. ಅದನ್ನು ಕಂಡವರೆಲ್ಲ ಮುಚ್ಚಳದ ವಾಷರೆಂದೇ ತಿಳಿದಿದ್ದರು.

“ಇದನ್ನು ಯಾರು ಹಾಕಿದ್ದು?”

ಹೆಲ್ಪರ್ ಹುಡುಗ ಡೀಸೆಲ್ ಪೀಪಾಯಿಯ ಹಿಂದೆ ನಿಂತಿದ್ದ. ಹದಿನೇಳು ಹದಿನೆಂಟರ ವಯಸ್ಸು. ಒಂಬತ್ತು ದಿನಗಳ ಹಿಂದೆ ಸಂಜೆ ಗಾಳಿಮಳೆ ಬಂದಿತ್ತು. ಡೀಸೆಲಿಗೆ ನೀರು ಸೇರಿದರೆ ನಾಝಲ್ಲುಗಳು ಹಾಳಾಗುತ್ತವೆಂದು ಆಪರೇಟರೇ ಅವನಿಗೆ ಕಲಿಸಿದ್ದ. ಆ ಮಾತು ನಿಜವೂ ಹೌದು. ರಂಧ್ರದಿಂದ ಮಳೆನೀರು ಇಳಿದೀತೆಂದು ಹೆದರಿ, ತೊಯ್ಯುತ್ತ ನಿಂತು, ಅವನು ಆ ಬಿಲ್ಲೆಯನ್ನು ಕತ್ತರಿಸಿ ಕೂರಿಸಿದ್ದ. ಅದೇ ಕಾರಣವಿರಬಹುದೆಂಬ ಯೋಚನೆ ಅವನಿಗೆ ಒಮ್ಮೆಯೂ ಬಂದಿರಲಿಲ್ಲ. ಈಗ ಅವನ ಕಣ್ಣು ತುಂಬಿತ್ತು. ಗುತ್ತಿಗೆದಾರರು ಏನನ್ನೋ ಹೇಳಲು ಬಾಯಿ ತೆರೆದರು. ಆದರೆ ಅದಕ್ಕೆ ಮುಂಚೆಯೇ ಮೇಸ್ತ್ರಿಗಳು, “ಕತ್ತರಿ ಚೆನ್ನಾಗಿ ಆಡಿದೆಯಲ್ಲೋ! ಇಷ್ಟು ದುಂಡಗೆ ನನಗೂ ಬರುವುದಿಲ್ಲ” ಎಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿ, ತಮ್ಮ ಜೇಬಿಗೆ ಹಾಕಿಕೊಂಡರು. ಆಪರೇಟರು ಕೆಳಗಿಳಿದು ಬಂದು ಹುಡುಗನ ಹೆಗಲ ಮೇಲೆ ಕೈಯಿಟ್ಟ. ಎಂಟು ದಿನ ತಾನು ಹೊತ್ತ ಅಪವಾದದ ಮೂಲ ಅವನೇ ಎಂಬುದು ಅವನಿಗೆ ಆ ಹೊತ್ತಿನಲ್ಲಿ ಹೊಳೆದಂತೆಯೇ ಇರಲಿಲ್ಲ.

ಮುಚ್ಚಳದ ರಂಧ್ರದಲ್ಲಿ ಎಣ್ಣೆಯೂ ಧೂಳೂ ಸೇರಿ ಕಟ್ಟಿದ್ದ ಜಿಡ್ಡನ್ನು ಮೇಸ್ತ್ರಿಗಳು ತಂತಿಯಿಂದ ತೆಗೆದು, ಡೀಸೆಲಿನಲ್ಲಿ ತೊಳೆದು, ಬಾಯಿಂದ ಊದಿ ನೋಡಿದರು. ಹುಡುಗ ಮೆಲ್ಲಗೆ ಕೇಳಿದ: “ಮಳೆ ಬಂದರೆ?”

ಆ ಪ್ರಶ್ನೆಗಾಗಿಯೇ ಕಾದಿದ್ದವರಂತೆ ಮೇಸ್ತ್ರಿಗಳು ಸುತ್ತ ನೋಡಿದರು. ಚಹಾ ಕಾಯಿಸುವ ಒಲೆಯ ಪಕ್ಕದಲ್ಲಿ ಬಿದ್ದಿದ್ದ ಖಾಲಿ ಹಾಲುಪುಡಿಯ ಡಬ್ಬವನ್ನು ತರಿಸಿದರು. ಅದನ್ನು ಮುಚ್ಚಳದ ಮೇಲೆ ಬೋರಲಾಗಿ, ಅಂಚಿಗೂ ಟ್ಯಾಂಕಿಗೂ ನಡುವೆ ಬೆರಳು ಹೋಗುವಷ್ಟು ಎಡೆ ಬಿಟ್ಟು, ತಂತಿಯಿಂದ ಕಟ್ಟಲು ಹುಡುಗನಿಗೇ ಹೇಳಿದರು. ನೀರು ಮೇಲಿನಿಂದ ಬರುತ್ತದೆ, ಗಾಳಿ ಎಲ್ಲಿಂದಲಾದರೂ ಬರುತ್ತದೆ. ಒಂದನ್ನು ತಡೆದು ಇನ್ನೊಂದನ್ನು ಬಿಡಬೇಕು ಎಂದರು. ಹುಡುಗ ಎರಡು ಸಲ ಬಿಚ್ಚಿ ಕಟ್ಟಿ, ಮೂರನೆಯ ಸಲ ಒಪ್ಪುವಂತೆ ಕೂರಿಸಿದ.

ಮಧ್ಯಾಹ್ನ ಮೇಸ್ತ್ರಿಗಳು ಬಸ್ಸಿಗೆ ಹೊರಟಾಗ ಕೂಲಿಯನ್ನು ಕೊಟ್ಟವರು ಗುತ್ತಿಗೆದಾರರು. ಬಸ್ಸಿನ ಖರ್ಚನ್ನೂ ಅವರೇ ಕೊಟ್ಟರು. ಆಪರೇಟರಿಗೆ ಮಾತ್ರ ಏನೂ ಹೇಳಲಿಲ್ಲ. ಬಟ್ಟೆಯ ಚೀಲ ಬಂದಾಗ ಹೇಗೆ ಕಟ್ಟಿತ್ತೋ ಹಾಗೆಯೇ ಇತ್ತು. ಹಿಂದೆ ಕೆರೆಯಂಗಳದಲ್ಲಿ ಬುಲ್‌ಡೋಜರು ಅಲಗು ತುಂಬ ಮಣ್ಣನ್ನು ಏರಿಯ ಬಾಯಿಗೆ ತಳ್ಳುತ್ತಿತ್ತು. ಅದರ ಬೆನ್ನಿನ ಮೇಲೆ ಡಬ್ಬವು ಗಡಗಡ ಸದ್ದುಮಾಡುತ್ತಿತ್ತು.