ದೀಪ ಹಚ್ಚಿದ ಮೇಲೆ

ದೀಪ ಹಚ್ಚಿದ ಮೇಲೆ ಹೆಣ್ಣುಮಕ್ಕಳು ಹೊಸಲು ದಾಟಬಾರದೆಂಬುದು ನಮ್ಮ ಮನೆಯಲ್ಲಿ ಬಹುಕಾಲ ನಡೆದುಬಂದ ಕಟ್ಟಳೆ. 32 ವರ್ಷ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿದ ನಾವು ಈ ಕಟ್ಟಳೆಗೆ ಶಬ್ದಾರ್ಥದ ಬೆಂಬಲವನ್ನೂ ಒದಗಿಸಿಕೊಂಡಿದ್ದೆವು. ‘ದೋಷಾ’ ಎಂದರೆ ರಾತ್ರಿ. ‘ದೋಷ’ ಎಂದರೆ ತಪ್ಪು. ಚಂದ್ರನಿಗೆ ‘ದೋಷಾಕರ’ನೆಂದು ಹೆಸರು, ರಾತ್ರಿಯನ್ನುಂಟುಮಾಡುವವನೆಂದೂ ತಪ್ಪುಗಳ ಗಣಿಯೆಂದೂ ಅದಕ್ಕೆ ಎರಡರ್ಥ. ಒಂದು ದೀರ್ಘವನ್ನು ಕಳೆದರೆ ರಾತ್ರಿಯೇ ದೋಷವಾಗುವುದೆಂದು ಮಕ್ಕಳ ಮುಂದೆ ಹೇಳಿ ನಗುತ್ತಿದ್ದೆವು. ಆ ನಗೆಯೊಳಗೆ ಭಯವಿತ್ತೆಂಬುದು ಆಗ ನಮಗೆ ತಿಳಿದಿರಲಿಲ್ಲ.

ನಮ್ಮ ಮಗಳು ಹದಿನಾರರ ಪ್ರಾಯದಲ್ಲಿ, ನೆರೆಯೂರಿನ ಬಯಲಾಟಕ್ಕೆ ಗೆಳತಿಯರೊಡನೆ ಹೋಗಿಬರುವೆನೆಂದು ಬೇಡಿಕೊಂಡಳು. ಕೂಡದೆಂದೆವು. ಅವಳು ರಾತ್ರಿಯೆಲ್ಲ ಕಿಟಕಿಯ ಬಳಿ ಕುಳಿತು, ಗದ್ದೆಗಳಾಚೆಯಿಂದ ಬರುವ ಚಂಡೆಯ ಸದ್ದನ್ನು ಕೇಳಿದಳು. ಅವಳನ್ನು ಕಾಪಾಡಿದೆವೆಂದು ನಾವು ಸುಖವಾಗಿ ನಿದ್ರಿಸಿದೆವು.

ಆ ಮಗಳು ಈಗ ಸಂಸಾರದೊಡನೆ ಆಫ್ರಿಕಾ ಖಂಡದ ರುವಾಂಡಾ ದೇಶದ ರಾಜಧಾನಿಯಾದ ಕಿಗಾಲಿಯಲ್ಲಿದ್ದಾಳೆ. 2024ರ ಜೂನ್ ತಿಂಗಳಲ್ಲಿ ನಾವೂ ನಮ್ಮ ಮನೆಯವರೂ ಅಲ್ಲಿಗೆ ಹೋಗಿ ಎರಡು ತಿಂಗಳು ಇದ್ದು ಬಂದೆವು. ಗುಡ್ಡಗಳ ಮೇಲೆ ಹರಡಿದ ಊರು. 2022ರ ಜನಗಣತಿಯಂತೆ ಸುಮಾರು 17 ಲಕ್ಷ ಜನ. ನಮ್ಮ ಬೆಂಗಳೂರಿನ ಮುಂದೆ ಚಿಕ್ಕದೇ ಸರಿ. ಭೂಮಧ್ಯರೇಖೆಯಿಂದ ಕೇವಲ 2 ಅಂಶ ದಕ್ಷಿಣಕ್ಕಿರುವುದರಿಂದ ವರ್ಷದ ಹನ್ನೆರಡು ತಿಂಗಳೂ ಸಂಜೆ 6 ಗಂಟೆಯ ಸುಮಾರಿಗೆ ಸೂರ್ಯನು ಮುಳುಗುತ್ತಾನೆ. ಹಗಲೆಲ್ಲ ಉದ್ಯೋಗದಲ್ಲಿರುವ ಮಗಳಿಗೂ ಅಳಿಯನಿಗೂ ನಮ್ಮೊಡನೆ ಕಳೆಯಲು ಉಳಿದದ್ದು ಕತ್ತಲೆಯ ಹೊತ್ತೊಂದೇ. ಹೀಗಿರಲು ನಮ್ಮ ಕಟ್ಟಳೆ ಎಷ್ಟು ದಿನ ನಿಂತೀತು?

“ಅಪ್ಪಯ್ಯ, ಶಾಲು ಹೊದ್ದುಕೊಂಡು ಹೊರಡಿ, ಇಲ್ಲಿ ರಾತ್ರಿ ಚಳಿ” ಎಂದು ಅವಳು ಮೊದಲು ಕರೆದೊಯ್ದದ್ದು ನ್ಯಾಮಿರಾಂಬೊ ಎಂಬ ಹಳೆಯ ಕೇರಿಗೆ. ಅಂಗಡಿಗಳು ದೀಪ ಉರಿಸಿಕೊಂಡು ತೆರೆದಿದ್ದವು. ಬೀದಿಯಲ್ಲಿ ಹಾಡು, ಮಾತು, ನಗೆ. ಒಂದು ಕಡೆ ತರುಣರು ಕಡ್ಡಿಗೆ ಪೋಣಿಸಿ ಸುಟ್ಟ ಮಾಂಸವನ್ನೂ ಬೀರನ್ನೂ ಮುಂದಿಟ್ಟುಕೊಂಡು ಕುಳಿತಿದ್ದರೆ, ಅಲ್ಲಿಯೇ ಸಮೀಪದಲ್ಲಿ ಹಾಲನ್ನೇ ಮಾರುವ ಅಂಗಡಿಯೊಂದಿತ್ತು. ‘ಇಕಿವುಗುಟೊ’ ಎಂಬ ಹುಳಿಹಾಲನ್ನು ದೊಡ್ಡ ಲೋಟದಲ್ಲಿ ಕೊಟ್ಟರು. ನಮ್ಮ ಕಡೆದ ಮೊಸರಿನ ತಂಗಿಯೆನ್ನಬಹುದು. ಕರಿದ ಬಾಳೆಕಾಯಿಯನ್ನು ತಿಂದು, ಶುಂಠಿ ಬೆರೆಸಿದ ಹಾಲಿನ ಚಹಾ ಕುಡಿದು, ಬರುವಾಗ 2016ರಲ್ಲಿ ತೆರೆದ ಸಮ್ಮೇಳನ ಭವನದ ಗುಮ್ಮಟವು ಬಣ್ಣದ ದೀಪಗಳಿಂದ ಬೆಳಗುವುದನ್ನು ನೋಡಿದೆವು. ಮದ್ಯಮಾಂಸಗಳನ್ನು ಒಲ್ಲದವನಿಗೂ ರಾತ್ರಿಯಲ್ಲಿ ಸಂತೋಷದ ಪಾಲುಂಟೆಂಬುದು ಅರವತ್ತರಲ್ಲಿ ನಮಗೆ ತಿಳಿಯಿತು.

ಮಗಳಿಗೂ ಕಟ್ಟಳೆಗಳುಂಟು. ಅಲ್ಲಿ ಬೀದಿಗಳಿಗೆ ಅಕ್ಷರವೂ ಸಂಖ್ಯೆಯೂ ಇರುವುದರಿಂದ ಮನೆಯ ಬೀದಿಯ ಗುರುತನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಬೇಕು. ಹಿಂತಿರುಗುವ ಬಗೆಯನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬಾಡಿಗೆಯ ಮೋಟಾರು ಸೈಕಲ್ಲನ್ನು ಹತ್ತಿದರೆ, ಸವಾರನು ಕೊಡುವ ಶಿರಸ್ತ್ರಾಣವನ್ನು ಧರಿಸಿ ಪಟ್ಟಿಯನ್ನು ಬಿಗಿಯಬೇಕು. ಗುಡ್ಡದ ಇಳಿಜಾರಿನ ಒಳದಾರಿಗಳನ್ನು ಬಿಟ್ಟು ದೀಪವಿರುವ ಹೆದ್ದಾರಿಯಲ್ಲಿಯೇ ನಡೆಯಬೇಕು. ಪಾನೀಯದ ಬಾಟಲಿಯನ್ನು ನಮ್ಮೆದುರಿಗೇ ತೆರೆಸಬೇಕು. ಲೋಟವನ್ನು ಬಿಟ್ಟು ಏಳಬಾರದು. ಹಣವು ಆ ರಾತ್ರಿಗೆ ಬೇಕಾದಷ್ಟೇ ಸಾಕು. 2023ರ ಸೆಪ್ಟೆಂಬರಿನಿಂದ ಸರಕಾರವು ಪಾನಗೃಹಗಳನ್ನು ರಾತ್ರಿ 1 ಗಂಟೆಗೆ, ವಾರದ ಕೊನೆಯಲ್ಲಿ 2 ಗಂಟೆಗೆ ಮುಚ್ಚಬೇಕೆಂದು ವಿಧಿಸಿತು; ನಮ್ಮ ಮಗಳ ವಿಧಿಯಲ್ಲಿ 10 ಗಂಟೆಯೇ ಕೊನೆ.

ಒಂದು ಹಗಲು ಗಿಸೋಜಿಯ ಸ್ಮಾರಕಕ್ಕೆ ಹೋದೆವು. 1994ರಲ್ಲಿ ನೂರು ದಿನಗಳೊಳಗೆ ಆ ದೇಶದಲ್ಲಿ 8 ಲಕ್ಷಕ್ಕೂ ಹೆಚ್ಚು ಜನರ ಕೊಲೆಯಾಯಿತು. ಅವರಲ್ಲಿ ಸುಮಾರು ಎರಡೂವರೆ ಲಕ್ಷ ಜನರು ಅಲ್ಲಿ ಮಣ್ಣಾಗಿದ್ದಾರೆ. ಪ್ರತಿವರ್ಷ ಏಪ್ರಿಲ್ 7ರಿಂದ ಒಂದು ವಾರ ಊರಿನಲ್ಲಿ ಹಾಡು ಕುಣಿತಗಳಿರುವುದಿಲ್ಲ. ಪರಸ್ಥಳದವರೂ ಆ ಮೌನವನ್ನು ಗೌರವಿಸಬೇಕು. ಮನೆಯೊಳಗೆ ಅಡಗಿದ್ದವರನ್ನೂ ಹುಡುಕಿ ಕೊಂದ ಕಾಲವದು. ಬಾಗಿಲ ಅಗಳಿಯೊಂದೇ ಮನುಷ್ಯನನ್ನು ಕಾಯಲಾರದೆಂದು ಅಲ್ಲಿ ನಿಂತು ಯೋಚಿಸಿದೆವು. ಅಂದಿನ ಸಂಜೆ ಬೀದಿಯ ನಗೆ ನಮ್ಮ ಕಿವಿಗೆ ಬೇರೆಯಾಗಿ ಕೇಳಿಸಿತು.

ಒಂದು ಶನಿವಾರ ಅಳಿಯನ ಸಹೋದ್ಯೋಗಿಗಳೊಬ್ಬರು, ನಮ್ಮ ನಾಡಿನವರೇ, ತಮ್ಮ ಕಾರಿನಲ್ಲಿ ನಮ್ಮೆಲ್ಲರನ್ನೂ ಸಂಗೀತವಿರುವ ಭೋಜನಗೃಹಕ್ಕೆ ಕರೆದೊಯ್ದರು. ಸಜ್ಜನರು, ಉದಾರಿಗಳು, ಎರಡು ಬಾಟಲಿ ಬೀರು ಕುಡಿದರು. ಹೊರಡುವಾಗ ಕೀಲಿಕೈಯನ್ನು ಕೈಗೆತ್ತಿಕೊಂಡರು. ನಮಗೆ ಎದೆ ಧಸಕ್ಕೆಂದಿತು. ಆದರೂ ಆತಿಥ್ಯ ಮಾಡಿದವರ ಮನಸ್ಸನ್ನು ನೋಯಿಸುವುದು ಹೇಗೆಂದು ಸುಮ್ಮನಿದ್ದೆವು, ಅಳಿಯನೂ ಸುಮ್ಮನಿದ್ದ. ಮಗಳು ಕೈ ಚಾಚಿದಳು. “ಅಣ್ಣಾ, ಕೀಲಿಕೈ ಇತ್ತ ಕೊಡಿ. ಗಾಡಿ ಇಲ್ಲೇ ಇರಲಿ, ಬೆಳಿಗ್ಗೆ ಒಯ್ಯೋಣ.”

“ಎರಡೇ ಬಾಟಲಿಯಮ್ಮ, ಏನಾದೀತು?”

ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಅವರು ಕೊಟ್ಟರು. ಬಾಡಿಗೆ ಕಾರಿನಲ್ಲಿ ಮರಳುವಾಗ ದಾರಿಯಲ್ಲಿ ಪೋಲೀಸರು ವಾಹನಗಳನ್ನು ನಿಲ್ಲಿಸಿ ಚಾಲಕರನ್ನು ಪರೀಕ್ಷಿಸುತ್ತಿದ್ದರು. ‘ಗೆರಾಯೊ ಅಮಹೊರೊ’ ಎಂಬುದು ಅಲ್ಲಿಯ ಪೋಲೀಸರು 2019ರಲ್ಲಿ ಆರಂಭಿಸಿದ ರಸ್ತೆಕ್ಷೇಮದ ಘೋಷವಾಕ್ಯ. ಕ್ಷೇಮವಾಗಿ ತಲುಪಿರಿ ಎಂದರ್ಥ. ಹೊಸಲಿನಲ್ಲಿ ನಿಂತು ‘ಹೋಗುತ್ತೇನೆ’ ಎನ್ನದೆ ‘ಹೋಗಿಬರುತ್ತೇನೆ’ ಎನ್ನುವ ನಮಗೆ ಈ ಮಾತು ಹೊಸದೇನಲ್ಲ.

ಮರುದಿನ ಆ ಮಹನೀಯರು ಮನೆಗೆ ಬಂದು, “ಮಗಳನ್ನು ಚೆನ್ನಾಗಿ ಬೆಳೆಸಿದ್ದೀರಿ, ಮೇಷ್ಟ್ರೆ” ಎಂದರು. ನಾವು ತಲೆಯೆತ್ತಲಾರದೆ ಹೋದೆವು. ನಾವು ಕಲಿಸಿದ್ದು ಬಾಗಿಲು ಹಾಕುವುದನ್ನು. ಕೈ ಚಾಚುವುದನ್ನು ಅವಳು ತಾನೇ ಕಲಿತಿದ್ದಳು.

ಅಂದು ರಾತ್ರಿ ಬಯಲಾಟದ ಮಾತನ್ನು ನಾವೇ ತೆಗೆದೆವು, ತಪ್ಪಾಯಿತೆಂದೆವು. ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಬೇಡವೆನ್ನುವ ಬದಲು ನೀವೇ ಜೊತೆಗೆ ಬಂದಿದ್ದರೆ ಆಗುತ್ತಿತ್ತಲ್ಲ, ಅಪ್ಪಯ್ಯ?” ಎಂದಳು.

ವಾಚಕರೆ, ಈ ಪ್ರಶ್ನೆಗೆ ನಮ್ಮ ಬಳಿ ಉತ್ತರವಿರಲಿಲ್ಲ. ಊರಿಗೆ ಬಂದ ಮೇಲೆ, ಆ ಚಳಿಗಾಲದ ಆಟಕ್ಕೆ ಪಕ್ಕದ ಮನೆಯ ಹುಡುಗಿಯರು ಹೊರಟು ಅವರ ತಂದೆ ಅನುಮಾನಿಸುತ್ತ ನಿಂತಿದ್ದಾಗ, ನಾವು ಶಾಲು ಹೊದ್ದು ಬ್ಯಾಟರಿ ದೀಪವನ್ನು ಹಿಡಿದು ಅಂಗಳಕ್ಕಿಳಿದೆವು. ಬೆಳಗಿನ ಜಾವ ಎಲ್ಲರನ್ನೂ ಅವರವರ ಮನೆಗೆ ಮುಟ್ಟಿಸಿ ನಾವು ಬಂದಾಗ ನಮ್ಮ ಮನೆಯವರು ಬಾಗಿಲಲ್ಲಿ ದೀಪ ಹಚ್ಚಿಕೊಂಡೇ ಕುಳಿತಿದ್ದರು.