ಅಟ್ಟದಿಂದ ಪಾಲಬಾವಿಗೆ

ಸುಭಾಸ ರಸ್ತೆಯ ಗದ್ದಲ ಕೆಳಗೇ ಉಳಿಯುತ್ತದೆ. ಆಟೋದ ಹಾರ್ನು, ತಳ್ಳುಗಾಡಿಯವನ ಕೂಗು, ಬಟ್ಟೆಯಂಗಡಿಯ ಹುಡುಗ ಗಿರಾಕಿಯನ್ನು ಕರೆಯುವ ದನಿ, ಎಲ್ಲ ಒಂದೊಂದು ಮೆಟ್ಟಿಲಿಗೂ ತಗ್ಗುತ್ತ ಹೋಗುತ್ತವೆ. ನೀವು ಧಾರವಾಡದ ಲಕ್ಷ್ಮೀ ಭವನದ ಮೆಟ್ಟಿಲು ಹತ್ತುತ್ತಿದ್ದೀರಿ. ಮೇಲೆ ಇರುವುದು ಮನೋಹರ ಗ್ರಂಥಮಾಲೆ ಎಂಬ ಪುಸ್ತಕ ಪ್ರಕಾಶನ. ಊರಿನ ಓದುಗರ ಬಾಯಲ್ಲಿ ಅದು ಬರೀ ‘ಅಟ್ಟ’. ಅಟ್ಟಕ್ಕೆ ಹೋಗಿದ್ದೆ ಎಂದರೆ ಸಾಕು, ಯಾವ ಅಟ್ಟ ಎಂದು ಧಾರವಾಡದಲ್ಲಿ ಯಾರೂ ಕೇಳುವುದಿಲ್ಲ.

ಬೆಳಿಗ್ಗೆ ಪಾಲಬಾವಿಯಲ್ಲಿ ಬಸ್ಸು ಹತ್ತಿದಾಗ ಇನ್ನೂ ಕತ್ತಲಿತ್ತು. ಕಬ್ಬಿನ ಹಂಗಾಮು, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಲೇ ಮೂಡಲಗಿ ಮುಟ್ಟಿತು. ಆಮೇಲೆ ಘಟಪ್ರಭೆಯ ಮೇಲಿನ ಲೋಳಸೂರ ಸೇತುವೆ, ಗೋಕಾಕ, ಯರಗಟ್ಟಿ, ಸವದತ್ತಿ. ನಿಮ್ಮ ಕಿಸೆಯಲ್ಲಿ ಒಂದು ಚೀಟಿ ಇದೆ. ಅದರಲ್ಲಿ ಪುಸ್ತಕದ ಹೆಸರಿಲ್ಲ. ನಿವೃತ್ತ ಮಾಸ್ತರರು ‘ಹೊಸಾದು ಛಲೋದು’ ಎಂದು ಬರೆಸಿದ್ದಾರೆ. ಪಿಯುಸಿ ಓದುವ ಹುಡುಗಿ ‘ನಾಟಕ, ಒಂದು’ ಎಂದು ತಾನೇ ಬರೆದಿದ್ದಾಳೆ. ಪುಸ್ತಕದಂಗಡಿಗೆ ಒಯ್ಯುವ ಚೀಟಿ ಹೀಗೇ ಇರಬೇಕು ಎನ್ನುವುದು ನನ್ನ ಬಲವಾದ ನಂಬಿಕೆ. ಹೆಸರು ಗೊತ್ತಿದ್ದರೆ ಫೋನಿನಲ್ಲೇ ತರಿಸಬಹುದು. ಹೆಸರು ಗೊತ್ತಿಲ್ಲದವನಿಗಲ್ಲವೇ ಅಂಗಡಿಯವನು ಬೇಕು?

“ಬರ್ರಿ, ಕೂಡ್ರಿ. ಯಾವೂರ್ರೀ?”

“ಪಾಲಬಾವಿ ರೀ. ರಾಯಬಾಗ ತಾಲೂಕು.”

“ಭಾಳ ದೂರಿಂದ ಬಂದೀರಿ. ಸದ್ಯಕ್ಕ ಏನ ಓದಾಕತ್ತೀರಿ?”

ಕುರ್ಚಿ ಎಳೆದು ಕೂಡುತ್ತೀರಿ. ಸುತ್ತ ಪುಸ್ತಕ, ಕಪಾಟಿನೊಳಗೆ, ಮೇಜಿನ ಮೇಲೆ, ದಾರ ಕಟ್ಟಿದ ಕಟ್ಟುಗಳಲ್ಲಿ. ಹೊಸ ಕಾಗದದ ವಾಸನೆಯ ಜೊತೆ ಹಳೆಯ ಕಾಗದದ ವಾಸನೆ ಬೆರೆತಿದೆ. ಗಿರೀಶ ಕಾರ್ನಾಡ, ಎ.ಕೆ. ರಾಮಾನುಜನ್, ಕೀರ್ತಿನಾಥ ಕುರ್ತಕೋಟಿ ಹರಟೆಗೆ ಕೂಡುತ್ತಿದ್ದದ್ದು ಇಲ್ಲೇ. ದೊಡ್ಡ ಹೆಸರುಗಳನ್ನು ಕೇಳಿಯೇ ಬಂದವರಿಗೆ ಜಾಗ ಇಷ್ಟೇ ಏನು ಎನಿಸಬಹುದು. ಹೌದು, ಇಷ್ಟೇ.

ಈ ಪ್ರಕಾಶನವನ್ನು 1933ರಲ್ಲಿ ಕಟ್ಟಿದವರು ಜಿ.ಬಿ. ಜೋಶಿ. ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕ ಬರೆದವರು; ‘ಸತ್ತವರ ನೆರಳು’ ಅವರದೇ. ಆದರೆ ಅವರು ಮಾಡಿದ ಇನ್ನೊಂದು ಕೆಲಸ ನನಗೆ ನಾಟಕಗಳಷ್ಟೇ ದೊಡ್ಡದಾಗಿ ಕಾಣುತ್ತದೆ. ಅವರು ಊರೂರಲ್ಲಿ ಚಂದಾದಾರರನ್ನು ಮಾಡಿದರು. ವರ್ಷದ ಚಂದಾ ಮೊದಲೇ ಕೊಡಬೇಕು. ಆ ವರ್ಷ ಮಾಲೆಯಲ್ಲಿ ಬರುವ ಪುಸ್ತಕಗಳು ಮನೆಗೆ ಬರುತ್ತವೆ. ಯಾವ ಪುಸ್ತಕ ಬರುತ್ತದೆಂದು ಚಂದಾ ಕೊಡುವಾಗ ಓದುಗನಿಗೆ ಗೊತ್ತಿಲ್ಲ. ಕೆಲವಂತೂ ಆಗ ಇನ್ನೂ ಲೇಖಕನ ಮೇಜಿನ ಮೇಲೇ ಇರುತ್ತಿದ್ದವು. ಇವರು ಆರಿಸಿದ್ದು ಓದಲು ಯೋಗ್ಯವಾಗಿರುತ್ತದೆ ಎಂಬ ಒಂದೇ ಭರವಸೆಯ ಮೇಲೆ ಜನ ದುಡ್ಡು ಬಿಚ್ಚಿದರು. ಅದಕ್ಕೂ ಹಿಂದೆ ಈ ಸೀಮೆಯಲ್ಲಿ ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಮನೆಮನೆಗೆ ಮಾರಿದ್ದರು. ಆ ನಡಿಗೆಯ ಮುಂದಿನ ಹೆಜ್ಜೆ ಜೋಶಿಯವರದು. ಗಳಗನಾಥರು ಹೊತ್ತದ್ದು ತಮ್ಮ ಪುಸ್ತಕ. ಜೋಶಿಯವರು ಬೇರೆಯವರ ಪುಸ್ತಕ ಹೊತ್ತರು.

ಒಂದು ಗಳಿಗೆ ವರ್ಷ ಹಿಂದೆ ಸರಿಸಿ. 1961 ಎಂದುಕೊಳ್ಳಿ. ನೀವು ಪಾಲಬಾವಿಯಲ್ಲೇ ಇದ್ದೀರಿ, ಗ್ರಂಥಮಾಲೆಯ ಚಂದಾದಾರರು. ರಾಯಬಾಗ ಮೊನ್ನೆಮೊನ್ನೆಯವರೆಗೆ ಕೊಲ್ಹಾಪುರ ಸಂಸ್ಥಾನದ್ದು. 1949ರಲ್ಲಿ ಮುಂಬಯಿ ಪ್ರಾಂತಕ್ಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿದೆ. ಹಿರಿಯರ ಕಾಗದಪತ್ರ ಮರಾಠಿಯಲ್ಲಿವೆ. ಮನೆಯಲ್ಲಿ ಆಡುವ ಮಾತು ಕನ್ನಡ, ಓದಲು ಸಿಗುವ ಕನ್ನಡ ಕಡಿಮೆ. ಮಧ್ಯಾಹ್ನ ಟಪಾಲಿನವನು ಪಡಸಾಲೆಗೆ ಬಂದು ಕಟ್ಟು ಇಡುತ್ತಾನೆ. ಹುರಿ ಬಿಚ್ಚುತ್ತೀರಿ. ಒಳಗೆ ‘ಯಯಾತಿ’ ಎಂಬ ನಾಟಕ. ಬರೆದವನ ಹೆಸರು ಕೇಳಿದ್ದಿಲ್ಲ. ಗಿರೀಶ ಕಾರ್ನಾಡ ಅಂತೆ. ಇಪ್ಪತ್ಮೂರರ ಹುಡುಗ, ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾನೆ. ಯಯಾತಿಯ ಕಥೆ ನಿಮಗೆ ಗೊತ್ತು. ಮಗ ಪುರು ತಂದೆಯ ಮುಪ್ಪನ್ನು ತಾನು ತೆಗೆದುಕೊಂಡದ್ದೂ ಗೊತ್ತು. ಆದರೆ ಆ ಪುರುವಿಗೆ ಹೊಸದಾಗಿ ಬಂದ ಹೆಂಡತಿಯ ಗತಿಯೇನು ಎಂದು ಇಲ್ಲಿಯವರೆಗೆ ನಿಮ್ಮ ಮುಂದೆ ಯಾರೂ ಕೇಳಿದ್ದಿಲ್ಲ. ಈ ಹುಡುಗ ಕೇಳುತ್ತಿದ್ದಾನೆ. ಕಂದೀಲು ತಂದು ಹತ್ತಿರ ಇಟ್ಟುಕೊಳ್ಳುತ್ತೀರಿ.

1965ರಲ್ಲಿ ಇನ್ನೊಂದು ಕಟ್ಟು. ಈ ಸಲ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’. ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಬೆಂಕಿ ಕೊಡುವವರು ಯಾರು ಎಂಬ ಪ್ರಶ್ನೆಯಿಂದ ಹೊರಡುವ ಕಾದಂಬರಿ. 1969ರಲ್ಲಿ ಎ.ಕೆ. ರಾಮಾನುಜನ್ನರ ಕವಿತೆಗಳು, ‘ಹೊಕ್ಕುಳಲ್ಲಿ ಹೂವಿಲ್ಲ’. ಇಂದು ವಿಶ್ವವಿದ್ಯಾಲಯಗಳಲ್ಲಿ ಪಾಠವಾಗುವ ಈ ಪುಸ್ತಕಗಳು ಅಂದು ಒಬ್ಬ ಪ್ರಕಾಶಕನ ಮಾತಿನ ಬಲದ ಮೇಲೆ ಮನೆಯ ಹೊಸ್ತಿಲು ದಾಟಿದವು. ಪೇಪರಿನ ವಿಮರ್ಶೆ ಆಮೇಲೆ, ಪ್ರಶಸ್ತಿ ಇನ್ನೂ ಎಷ್ಟೋ ಆಮೇಲೆ. ಕುರ್ತಕೋಟಿಯವರಂಥ ವಿಮರ್ಶಕರು ಸಲಹೆಗೆ ಇದ್ದರು, ನಿಜ. ಆದರೂ ಹೊಸ ಹೆಸರನ್ನು ಅಚ್ಚು ಹಾಕಿ, ಓದಿರಿ ಎಂದು ಜನರ ಕೈಗೆ ಕೊಡುವ ಧೈರ್ಯ ಬೇರೆಯೇ ಬಗೆಯದು. ಫೋನಿನ ತೆರೆ ಇಂದು ನಿಮಗೆ ಮೊದಲು ಮೆಚ್ಚಿದ್ದನ್ನೇ ಹೋಲುವುದನ್ನು ತೋರಿಸುತ್ತದೆ. ಜೋಶಿಯವರು ಓದುಗನಿಗೆ ಕೊಟ್ಟದ್ದು ಅವನು ಇನ್ನೂ ಮೆಚ್ಚಲು ಕಲಿಯದೆ ಇದ್ದುದನ್ನು.

ಅಟ್ಟಕ್ಕೆ ಮರಳಿ ಬನ್ನಿ. ಚಹಾ ಬಂದಿದೆ. ಮೇಜಿನ ಆಚೆ ಕೂತ ಹಿರಿಯರು ಪಕ್ಕದವರೊಡನೆ ಬಾನು ಮುಷ್ತಾಕರ ಕಥೆಗಳ ಮಾತು ತೆಗೆದಿದ್ದಾರೆ. 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದ ಮೇಲೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ ಓದಿದವರೂ ಕನ್ನಡದ ಮೂಲ ಹುಡುಕುತ್ತಿದ್ದಾರೆ. ಬಹುಮಾನ ಬಂದ ಪುಸ್ತಕ ತಾನಾಗಿಯೇ ಓದುಗನನ್ನು ಹುಡುಕಿಕೊಳ್ಳುತ್ತದೆ. ನಿಮ್ಮ ಮನಸ್ಸು ಮಾತ್ರ ಆ ಚೀಟಿಯಲ್ಲಿದೆ.

“ಮಾಸ್ತರರಿಗೆ ಏನ ಸೇರತೈತಿ?”

“ಭಜನಿ, ಜಾತ್ರಿ, ಹಳೇ ಮಂದಿ ಸುದ್ದಿ ರೀ.”

ಅವರು ಎದ್ದು ಕಪಾಟಿನ ಮುಂದೆ ನಿಲ್ಲುತ್ತಾರೆ. ಬೆರಳು ಬೆನ್ನುಗಳ ಮೇಲೆ ಸರಿಯುತ್ತ ಹೋಗಿ ಒಂದರ ಹತ್ತಿರ ನಿಲ್ಲುತ್ತದೆ. ರಾಘವೇಂದ್ರ ಪಾಟೀಲರ ‘ತೇರು’. “ಇದು ನಿಮ್ಮ ಕಡೀದ. ಬರದವರು ಗೋಕಾಕ ತಾಲೂಕಿನ ಬೆಟಗೇರಿಯವರು.” 2005ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ, ಹೊಚ್ಚ ಹೊಸದೇನಲ್ಲ. ಆದರೆ ನಿಮ್ಮೂರಿಗೆ ಇನ್ನೂ ಬಂದಿಲ್ಲದ ಪುಸ್ತಕ ನಿಮ್ಮೂರಿಗೆ ಹೊಸದೇ. ಕದಲದೆ ನಿಂತ ತೇರು, ಅದನ್ನು ಕದಲಿಸಲು ಕೊಟ್ಟ ಬಲಿ, ಬಲಿಗೆ ಮಗುವನ್ನು ಕೊಟ್ಟ ಬಡ ಮನೆತನ ತಲೆಮಾರುಗಳುದ್ದಕ್ಕೂ ಹೊರುವ ಭಾರ. ಇಷ್ಟನ್ನೇ ಹೇಳಿ ಅವರು ಬಾಯಿ ಮುಚ್ಚುತ್ತಾರೆ. ಮುಂದಿನದನ್ನು ಹೇಳಿಬಿಡಬಹುದಿತ್ತು, ಹೇಳುವುದಿಲ್ಲ. ಪುಸ್ತಕ ಮಾರುವವರ ಸಂಯಮವೆಂದರೆ ಇದೇ. ನೀರಿನ ಆಳ ಹೇಳಿ, ಈಜುವುದನ್ನು ನಿಮಗೇ ಬಿಡುತ್ತಾರೆ.

ನಮ್ಮ ಸೀಮೆಯ ಮಾತು ಬಂತೆಂದರೆ ಹೊತ್ತು ಸರಿದದ್ದೇ ತಿಳಿಯುವುದಿಲ್ಲ. ಮಲಾಮರಡಿಯ ಬಸವರಾಜ ಕಟ್ಟೀಮನಿ, ಘಟಪ್ರಭೆಯ ದಂಡೆಯ ಘೋಡಗೇರಿಯಿಂದ ಹೊರಟ ಚಂದ್ರಶೇಖರ ಕಂಬಾರ, ಅದೇ ಬೆಟಗೇರಿಯ ಕೃಷ್ಣಶರ್ಮರು. ಇವರೆಲ್ಲ ನಡೆದಾಡಿದ ನೆಲದಲ್ಲೇ ಇಂದು ಕಬ್ಬು ನಿಂತಿದೆ. ಆದರೆ ಸುತ್ತಿನ ಪೇಟೆಗಳ ಅಂಗಡಿಗಳಲ್ಲಿ ಇವರ ಪುಸ್ತಕ ಸಿಗುವುದು ಅಪರೂಪ. ಅಲ್ಲಿ ನೋಟ್‌ಬುಕ್ಕು, ಗೈಡು, ಪಂಚಾಂಗ, ಪೊಲೀಸ್ ಪರೀಕ್ಷೆಯ ಪ್ರಶ್ನೋತ್ತರ. ಅವೂ ಬೇಕು, ಅವುಗಳಿಂದಲೇ ಎಷ್ಟೋ ಮನೆಗಳಿಗೆ ನೌಕರಿ ಬಂದಿದೆ. ಅವುಗಳ ಪಕ್ಕದಲ್ಲಿ ಒಂದು ಗೇಣು ಜಾಗ ಕಾದಂಬರಿಗೂ ಇರಲಿ ಎಂದು ಆಸೆಪಡುವುದು ತಪ್ಪಲ್ಲ.

“ಹುಡುಗಿಗೆ?”

“ನಾಟಕ ಅಂದಾಳ ರೀ. ಕಾಲೇಜಿನ್ಯಾಗ ಆಡ್ತಾಳ.”

ಈ ಸಲ ಅವರು ಯೋಚಿಸುವುದೂ ಇಲ್ಲ. ಮೇಜಿನ ಮೇಲೆ ‘ತುಘಲಕ್’ ಬರುತ್ತದೆ. ಯಯಾತಿ ಬರೆದ ಹುಡುಗ ಮೂರು ವರ್ಷದ ಮೇಲೆ, 1964ರಲ್ಲಿ, ಇದೇ ಗ್ರಂಥಮಾಲೆಗೆ ಕೊಟ್ಟ ನಾಟಕ. ರಾಜಧಾನಿಯನ್ನೇ ದಿಲ್ಲಿಯಿಂದ ದೌಲತಾಬಾದಿಗೆ ಎತ್ತಿಕೊಂಡು ಹೋದ ಸುಲ್ತಾನನ ಕನಸೂ ಅದರ ಕೇಡೂ ಹದಿನೇಳರ ಹುಡುಗಿಗೆ ಎಟುಕುತ್ತವೆಯೇ ಎಂದು ನೀವು ಅನುಮಾನಿಸುತ್ತೀರಿ. “ಎಟುಕದಿದ್ರ ಮತ್ತೊಮ್ಮೆ ಓದ್ತಾಳ” ಎನ್ನುತ್ತಾರೆ. ಹುಡುಗರಿಗೆ ಸುಲಭದ್ದನ್ನೇ ಕೊಡಬೇಕು ಎನ್ನುವವರ ನಡುವೆ ಈ ಮಾತು ಕೇಳಿ ನನಗೆ ಹಿತವಾಗುತ್ತದೆ.

ನಿಮಗಾಗಿ ನೀವು ‘ಸಂಸ್ಕಾರ’ ಕೇಳುತ್ತೀರಿ. ಮೂರೂ ಪುಸ್ತಕ ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಚೀಲ ಸೇರುತ್ತವೆ. ಅವರು ನಿಮ್ಮ ವಿಳಾಸ ಬರೆದುಕೊಳ್ಳುತ್ತಾರೆ: ಮುಕ್ಕಾಂ ಪೋಸ್ಟ್ ಪಾಲಬಾವಿ, ತಾಲೂಕು ರಾಯಬಾಗ, ಜಿಲ್ಲೆ ಬೆಳಗಾವಿ.

ತಿರುಗಿ ಹೊರಟ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದೆ. ‘ಸಂಸ್ಕಾರ’ ಚೀಲದ ತಳದಲ್ಲಿದೆ; ಕೈಗೆ ಮೊದಲು ಸಿಕ್ಕದ್ದು ಮಾಸ್ತರರ ‘ತೇರು’. ಎರಡು ಪುಟ ನೋಡಿ ಇಡೋಣ ಎಂದು ತೆಗೆಯುತ್ತೀರಿ. ಸವದತ್ತಿಯಲ್ಲಿ ಎಲ್ಲಮ್ಮನ ಗುಡ್ಡದಿಂದ ಇಳಿದವರು ಭಂಡಾರ ಬಳಿದ ಹಣೆಗಳೊಡನೆ ಬಸ್ಸು ತುಂಬುತ್ತಾರೆ. ಒಬ್ಬಾಕೆ ನಿಮ್ಮ ತೊಡೆಯ ಮೇಲೆ ಕೂಸನ್ನು ಕೂಡಿಸಿ ತಾನು ಕಂಬಿ ಹಿಡಿದು ನಿಲ್ಲುತ್ತಾಳೆ. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಪುಸ್ತಕ. ಪುಟದೊಳಗೂ ಜಾತ್ರೆ ನಡೆದಿದೆ, ಹೊರಗೂ.

ಪಾಲಬಾವಿಯಲ್ಲಿ ಇಳಿದಾಗ ರಾತ್ರಿ. ಮಾಸ್ತರರು ಕಟ್ಟೆಯ ಮೇಲೆ ಕಾದಿದ್ದಾರೆ. ಹುಡುಗಿ ತಮ್ಮನನ್ನು ಕರೆದುಕೊಂಡು ಬಂದಿದ್ದಾಳೆ. ‘ತುಘಲಕ್’ ಅವಳ ಕೈಗೆ ಹೋಗುತ್ತದೆ. ಬೀದಿದೀಪದ ಕೆಳಗೇ ಪಾತ್ರಗಳ ಪಟ್ಟಿ ತೆಗೆದು, ಇದರಲ್ಲಿ ಹೆಣ್ಣು ಪಾತ್ರ ಎಷ್ಟು ಎಂದು ಎಣಿಸುತ್ತಾಳೆ. ಕಡಿಮೆ ಇವೆ ಎಂದು ಮುಖ ಸಣ್ಣದು ಮಾಡಿ, ಹಾಗಾದರೆ ಸುಲ್ತಾನನ ಪಾತ್ರ ನಾನೇ ಮಾಡುತ್ತೇನೆ ಎನ್ನುತ್ತಾಳೆ. ಮಾಸ್ತರರು ತಮ್ಮ ಪುಸ್ತಕ ಎಲ್ಲಿ ಎಂದು ಕೈ ಚಾಚುತ್ತಾರೆ. ನೀವು ಅವರ ಕೈಯಲ್ಲಿ ‘ಸಂಸ್ಕಾರ’ ಇಡುತ್ತೀರಿ. ‘ತೇರು’ ನಾಡಿದ್ದು ಕೊಡುತ್ತೀರಿ. ಇನ್ನೂ ಅರ್ಧ ಓದುವುದಿದೆ.